ತಪಾಸಣೆ ಒಬ್ಬರಿಗೆ, ಕಾಯುವ ಪಾಳಿ ಮನೆಮಂದಿಗೆ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕಾಗಲ್ ಹಿಂದೆ ಬಿದ್ದು, ದೂಧಗಂಗೆಯ ಸೇತುವೆ ದಾಟಿದ ಮೇಲೆ ಕೊಗನೊಳ್ಳಿ ಸಿಗುತ್ತದೆ. ಅಲ್ಲಿ ರಾಜ್ಯ ಬದಲಾಯಿತು ಎಂಬುದು ಬೋರ್ಡು ಓದಿದವರಿಗಷ್ಟೇ ಗೊತ್ತಾಗುತ್ತದೆ. ಕಾಗವಾಡದಿಂದ ಮಿರಜಕ್ಕೆ ಹೋಗುವವರಿಗೂ ಹಾಗೆಯೇ. ಅಥಣಿ, ರಾಯಬಾಗ, ಕಾಗವಾಡದ ಕಡೆ ಯಾರಿಗಾದರೂ ಎದೆನೋವು ಬಂತೆಂದರೆ ಗಾಡಿ ಮಿರಜದ ಹಾದಿ ಹಿಡಿಯುತ್ತದೆ. 1894ರಲ್ಲಿ ವಿಲಿಯಂ ವಾನ್‌ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದ ಬೆಳೆದು ಬಂದ ರೂಢಿ ಇದು. ಚಿಕ್ಕೋಡಿಯವರಿಗೆ ಇಚಲಕರಂಜಿಯಲ್ಲಿ ಬೀಗರು, ನಿಪ್ಪಾಣಿಯವರಿಗೆ ಗಡಹಿಂಗ್ಲಜದಲ್ಲಿ ಸೋದರಮಾವ, ಅಥಣಿಯವರಿಗೆ ಜತ್ತದಲ್ಲಿ ಅಕ್ಕನ ಮನೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಬರುವ ಬಂಡಿಗಳಲ್ಲಿ ಆಚೆಯವು ಎಷ್ಟು, ಈಚೆಯವು ಎಷ್ಟು ಎಂದು ಯಾರೂ ಎಣಿಸುವುದಿಲ್ಲ. 1956ರಲ್ಲಿ ಎಳೆದ ಗೆರೆಯ ಬಗ್ಗೆ ಮಹಾಜನ ಆಯೋಗದಿಂದ ಹಿಡಿದು 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯವರೆಗೆ ವಾದ ನಡೆದೇ ಇದೆ. ನೆಂಟಸ್ತನಕ್ಕೆ ಆ ಗೆರೆ ಅಡ್ಡ ಬಂದದ್ದು ಅಪರೂಪ.

ಅಡ್ಡ ಬಂದದ್ದು 2020ರಲ್ಲಿ. ಮಾರ್ಚ್ ಕೊನೆಯ ಕೋವಿಡ್ ಲಾಕ್‌ಡೌನ್ ಎಲ್ಲರಿಗೂ ಸಮನಾಗಿತ್ತು. ಮೇ ತಿಂಗಳಲ್ಲಿ ಕರ್ನಾಟಕವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದವರ ಪ್ರವೇಶವನ್ನೇ ತಡೆದಾಗ ಬೆಳಗಾವಿ ಜಿಲ್ಲೆಯ ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಈ ಐದು ತಾಲೂಕುಗಳಿಗೆ ಅದು ಬೇರೆಯದೇ ರೀತಿ ತಟ್ಟಿತು. ಬೆಂಗಳೂರಿನಲ್ಲಿ ಕುಳಿತವರಿಗೆ ಮಹಾರಾಷ್ಟ್ರ ಎಂದರೆ ಮುಂಬೈ. ನಿಪ್ಪಾಣಿಯವರಿಗೆ ಅದು ತವರುಮನೆ. 2021ರ ಫೆಬ್ರವರಿಯಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕಡ್ಡಾಯವಾಯಿತು. ಎರಡು ಲಸಿಕೆ ಹಾಕಿಸಿಕೊಂಡವರಿಗೂ ವರದಿ ಬೇಕೇ ಬೇಕು ಎಂದು ಆ ವರ್ಷದ ಜುಲೈ ಕೊನೆಗೆ ಮತ್ತೆ ಆದೇಶವಾಯಿತು. ಕೊಗನೊಳ್ಳಿಯಲ್ಲೂ ಕಾಗವಾಡದಲ್ಲೂ ಬ್ಯಾರಿಕೇಡ್ ನಿಂತವು. ಹೆರಿಗೆಗೆಂದು ತವರಿಗೆ ಹೋದವಳು ತೊಟ್ಟಿಲ ಕಾರ್ಯ ಮುಗಿಸಿ ಗಂಡನ ಮನೆಗೆ ಬರಬೇಕಾದರೆ ಬಾಣಂತಿಗೂ ಮೂಗಿನ ದ್ರವ ತೆಗೆಯುವ ಪರೀಕ್ಷೆ, ಕರೆದುಕೊಂಡು ಬರುವ ಅಣ್ಣನಿಗೂ ಪರೀಕ್ಷೆ. ವರದಿ ಬರುವಷ್ಟರಲ್ಲಿ 72 ಗಂಟೆಯಲ್ಲಿ ಅರ್ಧ ಮುಗಿದಿರುತ್ತಿತ್ತು. ರಾಜ್ಯದ ಇನ್ನೊಂದು ತುದಿಯಲ್ಲಿ, ಕೇರಳ ಗಡಿಯ ತಲಪಾಡಿಯಲ್ಲಿ, ಇದಕ್ಕಿಂತ ಕ್ರೂರವಾದದ್ದು ಆಗಿಹೋಗಿತ್ತು. ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಸತ್ತರು. 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರವು ಮಾಡಿಸಲು ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು.

ಆ ಬ್ಯಾರಿಕೇಡ್‌ಗಳು ಎದ್ದುಹೋದವು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಹತ್ತಿರ ಬಸ್ ಕಂಡಕ್ಟರ್ ಮೇಲೆ ಭಾಷೆಯ ಕಾರಣಕ್ಕೆ ಹಲ್ಲೆಯಾಗಿ ಎರಡೂ ರಾಜ್ಯದ ಬಸ್ಸುಗಳು ನಿಂತಾಗಲೂ ಕೆಲವು ದಿನಗಳಲ್ಲಿ ಎಲ್ಲ ಮೊದಲಿನಂತಾಯಿತು. ಆದರೆ ಈ ತಾಲೂಕುಗಳ ಕೆಲವು ಮನೆಗಳಿಗೆ ಎದ್ದುಹೋಗದ ಇನ್ನೊಂದು ನಾಕಾ ಇದೆ. ಮಗ ಡಲ್ಲಾಸ್‌ನಲ್ಲೋ, ಮಗಳು ಮೆಲ್ಬರ್ನ್‌ನಲ್ಲೋ, ತಮ್ಮ ಕುವೈತಿನಲ್ಲೋ ಇರುವ ಮನೆಗಳು ಇವು. ಚಿಕ್ಕೋಡಿ, ನಿಪ್ಪಾಣಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರು, ಪುಣೆ ಮತ್ತು ಬೆಂಗಳೂರಿನ ಕಂಪನಿಗಳ ಮೂಲಕ ಹೊರಗೆ ಹೋದವರು, ಅವರ ಹಿಂದೆ ಹೋದ ಸೊಸೆಯಂದಿರು, ಅಲ್ಲಿಯೇ ಹುಟ್ಟಿದ ಮೊಮ್ಮಕ್ಕಳು. ಪಾಸ್‌ಪೋರ್ಟ್, ವೀಸಾ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಇವುಗಳ ಹಿಂದೆ ನಡೆಯುವ ಭದ್ರತಾ ತಪಾಸಣೆ ಈ ಮನೆಗಳಿಗೆ ಏನು ಮಾಡುತ್ತದೆ ಎಂಬುದನ್ನು ಒಟ್ಟಾಗಿ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಸಂಶಯ ಪಡುವಾಗ ತಪಾಸಣೆಯ ಕಡತ ಇಡೀ ಕುಟುಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: ಅಣ್ಣ ಯಾರು, ಚಿಕ್ಕಪ್ಪನ ಮಗ ಎಲ್ಲಿದ್ದಾನೆ, ಅಜ್ಜ ಯಾವ ದೇಶದವನು. ತಡವಾದಾಗ ಮಾತ್ರ ಅರ್ಜಿದಾರ ಒಬ್ಬಂಟಿ. ಹೆಂಡತಿ, ಮಗು, ಹಾಸಿಗೆ ಹಿಡಿದ ತಂದೆ ಯಾರೂ ಕಡತದಲ್ಲಿ ಇರುವುದಿಲ್ಲ.

ಮೊದಲ ಬಾಗಿಲು ಊರಲ್ಲೇ ಇದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಕೆಲವು ದಿನಗಳಿಗೆ ಠಾಣೆಯಿಂದ ಫೋನು ಬರುತ್ತದೆ. “ಪಾಸ್‌ಪೋರ್ಟ್ ಎನ್‌ಕ್ವಾಯರಿ ಬಂದೈತ್ರಿ, ಮಗಾ ಮನ್ಯಾಗ ಅದಾನೇನ್ರಿ?” ಪೇದೆ ಮನೆಗೆ ಬಂದು ಚಹಾ ಕುಡಿದು ಹೋದರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. “ಏನ್ರಿ ಅಕ್ಕಾರ, ಮನಿಗಿ ಪೊಲೀಸ್ರು ಬಂದಿದ್ರಂತ?” ಎಂದು ಕೇಳುವವರಿಗೆ ಉತ್ತರ ಹೇಳುತ್ತ ತಾಯಿಗೆ ಅರ್ಧ ಹೆಮ್ಮೆ, ಅರ್ಧ ಸಂಕೋಚ. ಈ ವಿಚಾರಣೆಯಲ್ಲಿ ಮುಖ್ಯವಾಗಿ ನೋಡುವುದು ಎರಡು: ಈತ ಭಾರತದ ಪ್ರಜೆಯೇ, ಈತನ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ. ಎರಡನೆಯದೇ ಈ ಕಡೆ ತೊಡಕು. ಕಬ್ಬಿನ ದರಕ್ಕಾಗಿ ರಸ್ತೆ ತಡೆದವರ ಮೇಲೆ, ಗಡಿ ಗಲಾಟೆಯಲ್ಲಿ ಗುಂಪಿನಲ್ಲಿ ಸಿಕ್ಕಿಬಿದ್ದವರ ಮೇಲೆ ಕೇಸು ಬೀಳುವುದು ಹೊಸದಲ್ಲ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕೂತ ರೈತರ ಹೋರಾಟ ಈ ಭಾಗದ ರಸ್ತೆಗಳನ್ನೆಲ್ಲ ನಿಲ್ಲಿಸಿತ್ತು. ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮಿನ ಪ್ರಕಾರ ಕೋರ್ಟಿನಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬೇಕು. 1993ರ ಆಗಸ್ಟ್ 25ರ ಅಧಿಸೂಚನೆ ಅದಕ್ಕೊಂದು ಕಿಂಡಿ ಬಿಟ್ಟಿದೆ: ಅದೇ ಕೋರ್ಟು ಅನುಮತಿ ಕೊಟ್ಟರೆ ಅದು ಹೇಳಿದಷ್ಟು ಅವಧಿಗೆ, ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ ಪಾಸ್‌ಪೋರ್ಟ್ ಸಿಗುತ್ತದೆ. ಮಗಳ ಬಾಣಂತನಕ್ಕೆ ಹೋಗಬೇಕಾದ ತಂದೆ ಹಳೆಯ ರಸ್ತೆತಡೆಯ ಕೇಸಿಗಾಗಿ ವಕೀಲರನ್ನು ಹುಡುಕುವುದು ಹೀಗೆ.

ಇನ್ನು ಕಾಗದಪತ್ರ. ನಮ್ಮ ಕಡೆಯ ಹಿರಿಯರಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಮಂದಿ ಎಂಬುದು ಹೊರಗಿನ ಅಧಿಕಾರಿಗೆ ಅರ್ಥವಾಗುವುದು ಕಷ್ಟ. ಶಾಲೆಗೆ ಸೇರಿಸಿದ ಮಾಸ್ತರರು ಕೊಟ್ಟ ಹುಟ್ಟುಹಬ್ಬ ಅದು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕಿಂತ ಮೊದಲಿನವರಿಗೆ ದಾಖಲೆ ಸಿಗದಿದ್ದರೆ ‘ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ತರಬೇಕು, ಹಿರಿಯ ಸಂಬಂಧಿಕರು ಅಫಿಡವಿಟ್ ಮಾಡಿಕೊಡಬೇಕು. ಕಾಗವಾಡದವನ ಹಳೆಯ ಕಾಗದದಲ್ಲಿ ಅಥಣಿ ತಾಲೂಕು, ಆಧಾರ್ ಕಾರ್ಡಿನಲ್ಲಿ ಕಾಗವಾಡ ತಾಲೂಕು. ನಿಪ್ಪಾಣಿಯವನಿಗೆ ಚಿಕ್ಕೋಡಿ ಮತ್ತು ನಿಪ್ಪಾಣಿ. ಇವೆರಡೂ ಹೊಸ ತಾಲೂಕುಗಳೆಂದು ಘೋಷಣೆಯಾದದ್ದು 2017ರ ಬಜೆಟ್ಟಿನಲ್ಲಿ. ಅಷ್ಟು ಸಾಲದು ಎಂಬಂತೆ 2014ರ ನವೆಂಬರ್ 1ಕ್ಕೆ ಜಿಲ್ಲೆಯ ಹೆಸರೂ ಇಂಗ್ಲಿಷಿನಲ್ಲಿ ಬದಲಾಯಿತು. ಕೊಲ್ಲಾಪುರ ಜಿಲ್ಲೆಯಿಂದ ಬಂದ ಸೊಸೆಯ ಶಾಲೆಯ ದಾಖಲೆ ಮರಾಠಿಯಲ್ಲಿ, ಮದುವೆ ನೋಂದಣಿ ಕನ್ನಡದಲ್ಲಿ, ಆಕೆಯ ಹೆಸರಿನ ನಡುವೆ ಮೊದಲು ತಂದೆ, ಆಮೇಲೆ ಗಂಡ. ಇವುಗಳಲ್ಲಿ ಒಂದೂ ಅಪರಾಧವಲ್ಲ. ಆದರೆ ತಪಾಸಣೆಯ ಯಂತ್ರ ಹುಡುಕುವುದು ಹೊಂದಾಣಿಕೆ ಇಲ್ಲದ್ದನ್ನೇ. ಪಾಟೀಲ, ಮಗದುಮ್, ಖೋತ, ಮುಲ್ಲಾ ಎಂಬ ಅಡ್ಡಹೆಸರುಗಳು ಊರಿಗೆ ನೂರಿರುವ ಕಡೆ ಇನ್ನಾರದೋ ಹೆಸರಿಗೆ ಅರ್ಜಿದಾರನ ಹೆಸರು ತಾಳೆಯಾಗಿ ಕಡತ ಪಕ್ಕಕ್ಕೆ ಸರಿಯುವುದು ಸುಲಭ.

ಹಾಗಿದ್ದೂ ಈ ಮೊದಲ ಬಾಗಿಲಿನ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ, ಏಕೆಂದರೆ ಅದರ ಹಿಂದೆ ಕಾನೂನಿನ ಜಗಳ ನಡೆದು ಮುಗಿದಿದೆ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾನೂನಿಲ್ಲದೆ ಸರ್ಕಾರ ಮನಸ್ಸಿಗೆ ಬಂದಂತೆ ಪಾಸ್‌ಪೋರ್ಟ್ ತಡೆಯಲಾಗದು ಎಂದಿತು. ಅದರ ಬೆನ್ನಿಗೇ ಪಾಸ್‌ಪೋರ್ಟ್ ಕಾಯ್ದೆ ಬಂತು. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಜಪ್ತಿಯಾದಾಗ ಕಾರಣ ಕೇಳಿದ್ದಕ್ಕೆ ‘ಸಾರ್ವಜನಿಕ ಹಿತದೃಷ್ಟಿಯಿಂದ ಹೇಳುವುದಿಲ್ಲ’ ಎಂಬ ಉತ್ತರ ಬಂತು. 1978ರ ತೀರ್ಪು ಆ ಉತ್ತರವನ್ನು ಒಪ್ಪಲಿಲ್ಲ. ಕಾರಣ ಹೇಳದೆ, ಮಾತು ಕೇಳದೆ ಒಬ್ಬರ ಓಡಾಟ ತಡೆಯುವುದು ನ್ಯಾಯವಲ್ಲ ಎಂದಿತು. ರಾಯಬಾಗದ ರೈತ ಹೆಸರೇ ಕೇಳದ ಆ ತೀರ್ಪು ಅವನ ಕೈಯಲ್ಲಿರುವ ಬಲವಾದ ಆಯುಧ.

ಎರಡನೆಯ ಬಾಗಿಲಲ್ಲಿ ಆ ಆಯುಧ ನಡೆಯುವುದಿಲ್ಲ. ಅಮೆರಿಕದ ವೀಸಾಕ್ಕೆ ಈ ಕಡೆಯವರು ಹೆಚ್ಚಾಗಿ ನೋಡುವುದು ಮುಂಬೈ, ಅಲ್ಲಿ ಸ್ಲಾಟ್ ಸಿಗದಿದ್ದರೆ ಚೆನ್ನೈ ಅಥವಾ ಹೈದರಾಬಾದ್. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆಯಾದಾಗ ಅಲ್ಲಿ ವೀಸಾ ಕೆಲಸವೇ ಇರಲಿಲ್ಲ. ಒಂದು ದಿನ ಬೆರಳಚ್ಚು, ಇನ್ನೊಂದು ದಿನ ಇಂಟರ್‌ವ್ಯೂ. ಕಿಟಕಿಯ ಮುಂದೆ ನಿಲ್ಲುವುದು ಕೆಲವೇ ನಿಮಿಷ. ಆಮೇಲೆ ಮನೆಗೆ ಫೋನು.

“ಏನಂದ್ರಪ್ಪಾ?”

“ಹಾಳಿ ಕೊಟ್ಟಾರವ್ವಾ.”

“ಯಾವಾಗ ಆಕ್ಕೈತಂತ?”

“ಹೇಳಿಲ್ಲ.”

ಆ ಹಾಳೆಯ ಮೇಲೆ 221(ಜಿ) ಎಂದಿರುತ್ತದೆ. 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ ಕಲಮು ಅದು: ಸದ್ಯಕ್ಕೆ ಕೊಡುವುದಿಲ್ಲ, ಆಡಳಿತಾತ್ಮಕ ಪರಿಶೀಲನೆ ಬಾಕಿ ಇದೆ. ಪರಿಶೀಲನೆ ಯಾರು ಮಾಡುತ್ತಾರೆ, ಯಾಕೆ, ಎಷ್ಟು ದಿನ ಎಂಬುದಕ್ಕೆ ಉತ್ತರವಿಲ್ಲ. ವೆಬ್‌ಸೈಟಿನಲ್ಲಿ ನೋಡಿದರೆ ‘ನಿರಾಕರಿಸಲಾಗಿದೆ’ ಎಂದೇ ತೋರಿಸುತ್ತದೆ. ಹಾಗೆಂದರೆ ಪೂರ್ತಿ ಮುಗಿಯಿತೆಂದಲ್ಲ ಎಂದು ಮಗ ಎಷ್ಟು ಬಿಡಿಸಿ ಹೇಳಿದರೂ ತಂದೆಗೆ ಆ ಒಂದೇ ಮಾತು ಕಾಣುತ್ತದೆ.

2001ರ ಸೆಪ್ಟೆಂಬರ್ ದಾಳಿಯ ನಂತರ ವಿಜ್ಞಾನ, ತಂತ್ರಜ್ಞಾನದವರಿಗೆ ‘ವೀಸಾ ಮ್ಯಾಂಟಿಸ್’ ಎಂಬ ವಿಶೇಷ ತಪಾಸಣೆ ಬಿಗಿಯಾಯಿತು. ವಿಜ್ಞಾನದ ವಿದ್ಯಾರ್ಥಿಗಳು, ಸಂಶೋಧಕರಿಗೆ ಅದು ಸರಾಸರಿ 67 ದಿನ ಹಿಡಿಯುತ್ತಿದೆ ಎಂದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2004ರಲ್ಲಿ ವರದಿ ಕೊಟ್ಟಿತು. ಅದರ ಬಿಸಿ ನಮ್ಮ ರಾಜ್ಯಕ್ಕೆ ತಟ್ಟಿದ್ದು 2006ರ ಫೆಬ್ರವರಿಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ, ಸಾವಯವ ರಸಾಯನಶಾಸ್ತ್ರದಲ್ಲಿ ಜಗತ್ತಿಗೆ ಗೊತ್ತಿದ್ದ ಗೋವರ್ಧನ ಮೆಹ್ತಾ ಅವರನ್ನು ಚೆನ್ನೈ ಕಾನ್ಸುಲೇಟಿನಲ್ಲಿ ರಾಸಾಯನಿಕ ಅಸ್ತ್ರದ ಸಂಶಯದಿಂದ ಪ್ರಶ್ನಿಸಿ ವೀಸಾ ತಡೆದರು. ಗದ್ದಲವಾದ ಮೇಲೆ ವೀಸಾ ಕೊಡಲು ಮುಂದೆ ಬಂದರು; ಅವರು ಹೋಗಲಿಲ್ಲ. ಮೆಹ್ತಾ ಅವರಿಗೆ ಪತ್ರಿಕೆಗಳು ಇದ್ದವು, ವಿದೇಶಾಂಗ ಇಲಾಖೆ ಇತ್ತು. ಚಿಕ್ಕೋಡಿ ಕಡೆಯ ಸದಲಗಾದ ಹುಡುಗನಿಗೆ ಇರುವುದು ಒಂದು ಇಮೇಲ್ ವಿಳಾಸ.

ಪ್ರಶ್ನೆಗಳು ಒಬ್ಬನಿಂದ ಮನೆಯವರಿಗೆ ಹರಡಿದ್ದು ಆಮೇಲೆ. 2017ರ ಮೇ ತಿಂಗಳಲ್ಲಿ ಬಂದ ಡಿಎಸ್-5535 ಎಂಬ ಅರ್ಜಿ, ಅನುಮಾನ ಬಂದವರಿಂದ 15 ವರ್ಷಗಳ ಪ್ರಯಾಣ, ವಿಳಾಸ, ನೌಕರಿಯ ವಿವರಗಳ ಜೊತೆಗೆ ಒಡಹುಟ್ಟಿದವರೆಲ್ಲರ, ಮಕ್ಕಳೆಲ್ಲರ ಹೆಸರು ಮತ್ತು ಹುಟ್ಟಿದ ದಿನ ಕೇಳುತ್ತದೆ. (ಜೂನ್ 1 ಇಲ್ಲಿ ಮತ್ತೆ ಕೈಕೊಡುತ್ತದೆ, ಅಣ್ಣನಿಗೂ ತಂಗಿಗೂ ಒಂದೇ ತಾರೀಖು ಯಾಕೆ ಎಂದು ವಿವರಿಸುವುದು ಹೇಗೆ?) 2019ರ ಮೇ ಕೊನೆಯಿಂದ ಬಹುತೇಕ ಎಲ್ಲ ವೀಸಾ ಅರ್ಜಿದಾರರೂ ಐದು ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳನ್ನು ಬರೆಯಬೇಕಾಯಿತು. 2025ರ ಜೂನ್‌ನಲ್ಲಿ ವಿದ್ಯಾರ್ಥಿಗಳು ತಮ್ಮ ಖಾತೆಗಳನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಡಬೇಕೆಂದು ಹೇಳಲಾಯಿತು. ಡಿಸೆಂಬರ್ 15ರಿಂದ ಎಚ್-1ಬಿ ನೌಕರರಿಗೂ ಅವರ ಎಚ್-4 ಅವಲಂಬಿತರಿಗೂ ಅದೇ ನಿಯಮ. ಖಾತೆ ಒಬ್ಬರದಾದರೂ ಅದರಲ್ಲಿರುವುದು ಮನೆಯ ಮದುವೆಯ ಫೋಟೊ, ತಮ್ಮ ಹಂಚಿದ ರಾಜಕೀಯ ಭಾಷಣ, ಮಾವನ ಕಮೆಂಟು. ಈಗ ಮಗ ಸ್ಲಾಟ್ ಹತ್ತಿರ ಬಂದಾಗ ಊರಿನವರಿಗೆ ಫೋನು ಮಾಡಿ “ಫೇಸ್‌ಬುಕ್‌ನ್ಯಾಗ ನನಗ ಏನೂ ಟ್ಯಾಗ್ ಮಾಡಬ್ಯಾಡ್ರಿ” ಎನ್ನುತ್ತಾನೆ.

ಆ ಡಿಸೆಂಬರಿನ ನಿಯಮ ಈ ಮನೆಗಳಿಗೆ ಹೊಡೆದ ಹೊತ್ತು ನೋಡಿ. ತುಳಸಿ ಲಗ್ನ ಮುಗಿದು ಮದುವೆ ಸುಗ್ಗಿ ಶುರುವಾಗುವ ಕಾಲ, ಅಲ್ಲಿ ಕ್ರಿಸ್‌ಮಸ್ ರಜೆ. ಊರಿಗೆ ಬಂದು ಮದುವೆಯೋ, ಮಗುವಿನ ಜವಳವೋ ಮುಗಿಸಿ, ಅದೇ ಓಡಾಟದಲ್ಲಿ ಪಾಸ್‌ಪೋರ್ಟಿಗೆ ‘ಸ್ಟ್ಯಾಂಪಿಂಗ್’ ಮಾಡಿಸಿಕೊಂಡು ಹೋಗುವ ರೂಢಿ. ಡಿಸೆಂಬರ್ ಮಧ್ಯಕ್ಕೆ ಸಿಕ್ಕಿದ್ದ ಸ್ಲಾಟ್‌ಗಳು ತಿಂಗಳುಗಟ್ಟಲೆ ಮುಂದೆ ಹೋದವು. ಅದಕ್ಕೂ ಮೊದಲು ಸೆಪ್ಟೆಂಬರ್‌ನಲ್ಲಿ ಇಂಟರ್‌ವ್ಯೂ ಇಲ್ಲದ ‘ಡ್ರಾಪ್‌ಬಾಕ್ಸ್’ ಬಹುಮಟ್ಟಿಗೆ ಮುಚ್ಚಿತ್ತು. ಮೆಕ್ಸಿಕೊ, ಕೆನಡಾಕ್ಕೆ ಹೋಗಿ ಮುದ್ರೆ ಹಾಕಿಸಿಕೊಳ್ಳುವ ದಾರಿಯೂ, ಸ್ವಂತ ದೇಶದಲ್ಲೋ ವಾಸದ ದೇಶದಲ್ಲೋ ಮಾತ್ರ ಅರ್ಜಿ ಎಂಬ ನಿಯಮದಿಂದ ಕಿರಿದಾಗಿತ್ತು. ಹಾಗಾಗಿ ಗಂಡ ಇಲ್ಲಿ, ಮನೆಯ ಸಾಲದ ಕಂತು ಅಲ್ಲಿ. ಮಗುವಿನ ಶಾಲೆ ಅಲ್ಲಿ, ಮಗು ಅಜ್ಜನ ಜೊತೆ ಹೊಲದಲ್ಲಿ. ಕಂಪನಿ ಎಷ್ಟು ದಿನ ಸಂಬಳ ಕೊಟ್ಟೀತು ಎಂಬ ಲೆಕ್ಕ ಎಲ್ಲರ ಮನಸ್ಸಿನಲ್ಲಿ, ಯಾರ ಬಾಯಲ್ಲೂ ಇಲ್ಲ.

ಆದರೆ ಹೀಗೆ ಸಿಕ್ಕಿಬಿದ್ದವರು ಕಣ್ಣಿಗೆ ಕಾಣುತ್ತಾರೆ, ಸುದ್ದಿಯಾಗುತ್ತಾರೆ. ನನಗೆ ಹೆಚ್ಚು ದೊಡ್ಡದೆನಿಸುವ ನಷ್ಟ ಕಾಣದೇ ಉಳಿಯುವಂಥದು: ಬರದೇ ಇರುವವರದು. ಹೋದರೆ ವಾಪಸು ಬರಲಾದೀತೋ ಇಲ್ಲವೋ ಎಂದು ಅಲ್ಲಿಯೇ ಕೂತವರು. ಅಪ್ಪ ತೀರಿಕೊಂಡರೆ ಮಣ್ಣಿಗೆ ಬರುವುದಂತೂ ದೂರದ ಮಾತು. ಅಷ್ಟು ಬೇಗ ಯಾವ ವಿಮಾನವೂ ತಲುಪಿಸದು. ಮೂರನೇ ದಿನದ ರಕ್ಷಾವಿಸರ್ಜನೆಗೂ ಕಷ್ಟ. ಹನ್ನೊಂದನೇ ದಿನಕ್ಕಾದರೂ ಬರಬಹುದು, ಬರಬೇಕು. ಆ ದಿನಕ್ಕೂ ಬರದ ಮಗನ ಬಗ್ಗೆ ಬಂಧುಗಳು “ಅಮೆರಿಕಾದಾಗ ಇದ್ದು ಮರ್ತಾನ” ಎಂದಾಗ ವಿಧವೆ ತಾಯಿ ವೀಸಾ ನಿಯಮ ವಿವರಿಸಬೇಕು. ಯಾರೂ ಅವನನ್ನು ತಡೆದಿಲ್ಲ, ಯಾವ ಅಧಿಕಾರಿಯೂ ಬೇಡವೆಂದಿಲ್ಲ. ತಡೆದದ್ದು ಬರೀ ಅನಿಶ್ಚಿತತೆ. ಇಂಥ ಗೈರುಹಾಜರಿಯನ್ನು ಯಾವ ಇಲಾಖೆಯೂ ಎಣಿಸುವುದಿಲ್ಲ.

ಬಂಧುತ್ವವೇ ಆರೋಪವಾಗುವುದು ಹೇಗೆ ಎಂದು ತಿಳಿಯಬೇಕಾದರೆ ಮೊಹಮ್ಮದ್ ಹನೀಫ್ ಅವರ ಕಥೆಗೆ ಹೋಗಬೇಕು. ಮೂಡಿಗೆರೆಯಲ್ಲಿ ಬೆಳೆದು, ಬೆಂಗಳೂರಿನಲ್ಲಿ ಎಂಬಿಬಿಎಸ್ ಓದಿ, ಬ್ರಿಟನ್ನಿನಲ್ಲಿ ಕೆಲಸ ಮಾಡಿ 2006ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದ ವೈದ್ಯರು. 2007ರ ಜುಲೈ 2ರ ರಾತ್ರಿ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಬಂಧಿಸಿದರು. ಬೆಂಗಳೂರಿನಲ್ಲಿ ಹೆಂಡತಿಗೆ ಕೆಲವೇ ದಿನಗಳ ಹಿಂದೆ ಹೆರಿಗೆಯಾಗಿತ್ತು. ಮಗಳನ್ನು ನೋಡಲು ಹೊರಟಿದ್ದರು. ಅದಕ್ಕೆ ಎರಡು ದಿನ ಮೊದಲು, ಜೂನ್ 30ರಂದು, ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ್ದವನು ಕಫೀಲ್ ಅಹ್ಮದ್. ಅವನೂ ಅವನ ತಮ್ಮ ಸಬೀಲನೂ ಹನೀಫ್‌ಗೆ ದೂರದ ಸಂಬಂಧಿಗಳು. ಬ್ರಿಟನ್ ಬಿಡುವಾಗ ಹನೀಫ್ ತಮ್ಮ ಸಿಮ್ ಕಾರ್ಡನ್ನು ಸಬೀಲ್‌ಗೆ ಕೊಟ್ಟು ಬಂದಿದ್ದರು. ಊರು ಬಿಡುವವರು ಉಳಿದ ರೀಚಾರ್ಜನ್ನು ನೆಂಟರ ಹುಡುಗನಿಗೆ ಕೊಡುವುದು ಅಥಣಿಯಲ್ಲಾದರೂ ಲಿವರ್‌ಪೂಲ್‌ನಲ್ಲಾದರೂ ನಡೆಯುವಂಥದೇ.

12 ದಿನ ಆರೋಪವೇ ಇಲ್ಲದೆ ಹಿಡಿದಿಟ್ಟರು. ಆಮೇಲೆ ಭಯೋತ್ಪಾದಕ ಸಂಘಟನೆಗೆ ನೆರವಾದ ಆರೋಪ ಹೊರಿಸಿದರು. ಸಿಮ್ ಆ ಉರಿಯುವ ಜೀಪಿನಲ್ಲಿ ಸಿಕ್ಕಿತೆಂದು ಕೋರ್ಟಿಗೆ ಹೇಳಿದರು. ಅದು ಸುಳ್ಳು, ಸಿಮ್ ಇದ್ದದ್ದು ಜೀಪಿನಿಂದ ಬಹುದೂರ, ಸಬೀಲ್ ಬಳಿ. ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಅದೇ ದಿನ, ಕೆಲವು ಗಂಟೆಗಳಲ್ಲೇ, ವಲಸೆ ಸಚಿವ ಕೆವಿನ್ ಆಂಡ್ರೂಸ್ ‘ನಡತೆ’ಯ ಕಾರಣಕ್ಕೆ ಅವರ ವೀಸಾ ರದ್ದು ಮಾಡಿದರು. ಜಾಮೀನು ಸಿಕ್ಕರೂ ಹೊರಗೆ ಹೋಗದಂತಾಯಿತು. ಕ್ರಿಮಿನಲ್ ಕಾನೂನು ಬಿಟ್ಟುಕೊಟ್ಟವನನ್ನು ವಲಸೆ ಕಾನೂನು ಹಿಡಿದುಕೊಂಡಿತು, ಏಕೆಂದರೆ ಅಲ್ಲಿ ಸಾಕ್ಷ್ಯದ ಮಟ್ಟ ಬೇರೆ. ‘ಸಹವಾಸ’ವಿದೆ ಎಂಬ ಸಂಶಯ ಸಾಕು. ಸಹವಾಸ ಯಾವುದು ಎಂದರೆ ನೆಂಟಸ್ತನ. ಜುಲೈ 27ರಂದು ಪ್ರಕರಣ ಕೈಬಿಟ್ಟರು, ಹನೀಫ್ ಬೆಂಗಳೂರಿಗೆ ಬಂದು ಮಗುವನ್ನು ನೋಡಿದರು. ಆಗಸ್ಟ್ 21ರಂದು ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್, ಸಚಿವರು ಸಹವಾಸ ಎಂಬುದನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ ಎಂದು ವೀಸಾ ರದ್ದತಿಯನ್ನು ತಳ್ಳಿಹಾಕಿದರು. ಡಿಸೆಂಬರ್‌ನಲ್ಲಿ ಪೂರ್ಣಪೀಠವೂ ಅದನ್ನೇ ಎತ್ತಿಹಿಡಿಯಿತು. 2008ರ ಕೊನೆಗೆ ಜಾನ್ ಕ್ಲಾರ್ಕ್ ವಿಚಾರಣಾ ವರದಿ ಅವರನ್ನು ನಿರಪರಾಧಿ ಎಂದಿತು. ಹನೀಫ್ ದಾಳಿಯಲ್ಲಿ ಭಾಗಿ ಎನ್ನುವ ಮಾಹಿತಿ ತಮ್ಮಲ್ಲಿಲ್ಲ ಎಂದು ಆಸ್ಟ್ರೇಲಿಯಾದ ಗುಪ್ತಚರ ಸಂಸ್ಥೆಯೇ ಆರಂಭದಲ್ಲಿ ಹೇಳಿತ್ತೆಂಬುದೂ ಹೊರಬಂತು. 2010ರ ಡಿಸೆಂಬರ್‌ನಲ್ಲಿ ಪರಿಹಾರ ಕೊಟ್ಟರು; ಮೊತ್ತ ಗುಟ್ಟಾಗಿಯೇ ಉಳಿಯಿತು.

ಹನೀಫ್‌ಗೆ ನ್ಯಾಯ ಸಿಕ್ಕಿತು ಎನ್ನಬಹುದು. ಆದರೆ ಆ ಜುಲೈ ತಿಂಗಳಿಡೀ ಬೆಂಗಳೂರಿನ ಮನೆಯ ಮುಂದೆ ಕ್ಯಾಮೆರಾಗಳ ಎದುರು ನಿಂತಿದ್ದ ಬಾಣಂತಿಗೆ ಯಾವ ಕೋರ್ಟಿನಲ್ಲೂ ಸ್ಥಾನವಿರಲಿಲ್ಲ. ಕುಟುಂಬಕ್ಕೆ ಕಾನೂನಿನಲ್ಲಿ ಸ್ಥಾನವಿದೆಯೇ ಎಂಬ ಪ್ರಶ್ನೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ಎರಡು ಸಲ ಎದುರಿಸಿದೆ. ಅಮೆರಿಕದ ಪ್ರಜೆ ಫೌಜಿಯಾ ದಿನ್ ಅವರ ಅಫ್ಘನ್ ಗಂಡನಿಗೆ ಭಯೋತ್ಪಾದನೆಯ ಕಲಮು ತೋರಿಸಿ ವೀಸಾ ನಿರಾಕರಿಸಿದ್ದರು, ವಿವರ ಕೊಡಲಿಲ್ಲ. 2015ರಲ್ಲಿ ಆಕೆ ಸೋತರು. 2024ರ ಜೂನ್‌ನಲ್ಲಿ ಸಾಂಡ್ರಾ ಮುನ್ಯೋಸ್ ಪ್ರಕರಣದಲ್ಲಿ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು: ವಿದೇಶಿ ಗಂಡನನ್ನು ದೇಶದೊಳಗೆ ಕರೆಸಿಕೊಳ್ಳುವುದು ಪ್ರಜೆಯಾದ ಹೆಂಡತಿಯ ಮೂಲಭೂತ ಹಕ್ಕಲ್ಲ. ಆಕೆಯ ಗಂಡ ಎಲ್ ಸಾಲ್ವಡಾರ್‌ನವನು. ಅವನ ಮೈಮೇಲಿನ ಹಚ್ಚೆಗಳಿಂದ ಗ್ಯಾಂಗಿನವನೆಂದು ಸಂಶಯ ಬಂದಿತ್ತು.

ಹೊರಗಿನವರನ್ನು ಬೈದು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಿಪ್ಪಾಣಿಯ ಹುಡುಗ ವಿದೇಶಿ ಹುಡುಗಿಯನ್ನು ಮದುವೆಯಾಗಿ ಬಂದರೆ ನಮ್ಮದೇ ಪೌರತ್ವ ಕಾಯ್ದೆಯ 7ಎ ಕಲಮಿನಡಿ ಆಕೆಗೆ ಒಸಿಐ ಕಾರ್ಡು ಸಿಗಬೇಕಾದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದಿರಬೇಕು, ಮೇಲಾಗಿ ಮುಂಚಿತವಾಗಿ ಭದ್ರತಾ ಅನುಮತಿ ಆಗಬೇಕು. ಅರ್ಜಿದಾರರ ತಂದೆತಾಯಿ, ಅಜ್ಜ, ಮುತ್ತಜ್ಜ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಕಾರ್ಡೇ ಇಲ್ಲ. ಮೂರು ತಲೆಮಾರಿನ ಬಂಧುತ್ವ ಇಲ್ಲಿ ಲೆಕ್ಕಕ್ಕಿದೆ. 2020ರ ಮಾರ್ಚ್‌ನಲ್ಲಿ ಒಸಿಐ ಕಾರ್ಡಿನ ವೀಸಾರಹಿತ ಪ್ರವೇಶವನ್ನು ತಡೆದಾಗ, ಭಾರತದ ಪಾಸ್‌ಪೋರ್ಟಿನ ತಂದೆತಾಯಿ ವಿಮಾನ ಹತ್ತಬಹುದಿತ್ತು, ಅಮೆರಿಕದಲ್ಲಿ ಹುಟ್ಟಿದ ಅವರ ಕೂಸು ಹತ್ತುವಂತಿರಲಿಲ್ಲ. ಮೇ 22ರಂದು ಅಂಥ ಮಕ್ಕಳಿಗೆ ವಿನಾಯಿತಿ ಬಂತು. ಭಟ್ಕಳದಲ್ಲಿ ಮದುವೆಯಾಗಿ ಬಂದು ದೀರ್ಘಾವಧಿ ವೀಸಾದ ಮೇಲೆ ನೆಲೆಸಿರುವ ಪಾಕಿಸ್ತಾನಿ ಸೊಸೆಯರಿದ್ದಾರೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯೆಯ ನಂತರ ಪಾಕಿಸ್ತಾನಿಗಳ ವೀಸಾಗಳು ರದ್ದಾದಾಗ ದೀರ್ಘಾವಧಿ ವೀಸಾದವರನ್ನು ಬಿಡಲಾಯಿತು. ಹಾಗಿದ್ದೂ ಅಡುಗೆಮನೆಯಲ್ಲಿದ್ದ ಹೆಣ್ಣುಮಗಳ ಕಡತವನ್ನು ಮತ್ತೊಮ್ಮೆ ತೆರೆದು ನೋಡುವ ದಿನಗಳು ಅವು. ವಿದೇಶಿಗನಿಗೆ ಇಲ್ಲಿ ನೆಲೆಸುವ ಹಕ್ಕಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಹಳೆಯ ನಾಲ್ಕು ಕಾಯ್ದೆಗಳನ್ನು ಒಂದಾಗಿಸಿತೇ ಹೊರತು ಕುಟುಂಬಕ್ಕೆ ಹೊಸ ಜಾಗ ಮಾಡಿಕೊಡಲಿಲ್ಲ.

ಕೊಲ್ಲಿ ದೇಶಗಳಿಗೆ ಹೋಗುವವರದು ಬೇರೆ ದಾರಿ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ 30 ವರ್ಷ ತುಂಬಿರಬೇಕು. ಇದು ರಕ್ಷಣೆಗಾಗಿ ಮಾಡಿದ್ದು, ತಡೆಯಲು ಮಾಡಿದ್ದಲ್ಲ.

ತಪಾಸಣೆಯೇ ಬೇಡ ಎನ್ನುವವರ ಗುಂಪಿಗೆ ನಾನು ಸೇರಲಾರೆ. ದಾವೂದ್ ಗಿಲಾನಿ ಎಂಬಾತ 2006ರಲ್ಲಿ ಹೆಸರು ಬದಲಿಸಿ ಡೇವಿಡ್ ಕೋಲ್ಮನ್ ಹೆಡ್ಲಿಯಾಗಿ, ಷಿಕಾಗೊದ ನಮ್ಮ ಕಾನ್ಸುಲೇಟಿನಿಂದ ವೀಸಾ ಪಡೆದು, ಮುಂಬೈಗೆ ಹಲವು ಸಲ ಬಂದು 26/11ರ ದಾಳಿ ನಡೆಯಲಿದ್ದ ಜಾಗಗಳನ್ನು ನೋಡಿಕೊಂಡು ಹೋದ. ತಂದೆಯ ಹೆಸರನ್ನು, ಹುಟ್ಟು ಹೆಸರನ್ನು ಸರಿಯಾಗಿ ತಾಳೆ ನೋಡಿದ್ದರೆ ಸಿಗಬಹುದಾಗಿದ್ದ. ಅವನ ಬಂಧನದ ನಂತರ 2009ರ ಕೊನೆಗೆ ಬಂದ ನಿಯಮ ನೋಡಿ: ಪ್ರವಾಸಿ ವೀಸಾದ ಮೇಲೆ ಒಮ್ಮೆ ಬಂದುಹೋದವರು ಎರಡು ತಿಂಗಳ ಒಳಗೆ ಮತ್ತೆ ಬರುವಂತಿಲ್ಲ. ಹೆಡ್ಲಿ ಆಗಲೇ ಅಮೆರಿಕದ ಜೈಲಿನಲ್ಲಿದ್ದ. ಸಿಕ್ಕಿಬಿದ್ದವರು ಶ್ರೀಲಂಕಾ ನೋಡಿ ವಾಪಸು ಬರುತ್ತಿದ್ದ ಪ್ರವಾಸಿಗಳು ಮತ್ತು ಅಜ್ಜಿಯ ಕಾಯಿಲೆಗೆ ಎರಡನೇ ಸಲ ಬರಬೇಕಾದ ಮೊಮ್ಮಕ್ಕಳು. 2012ರಲ್ಲಿ ಬಹುತೇಕ ದೇಶದವರಿಗೆ ಅದನ್ನು ತೆಗೆದರು. ನೋಡಬೇಕಾದದ್ದನ್ನು ನೋಡದೆ, ಆಮೇಲೆ ಎಲ್ಲರನ್ನೂ ಕಾಯಿಸುವುದು ಎಲ್ಲ ಸರ್ಕಾರಗಳ ಹಳೆಯ ಚಾಳಿ.

ಕೇಳಬಹುದಾದದ್ದು ದೊಡ್ಡದೇನಲ್ಲ: ಒಂದು ತಾರೀಖು, ಒಂದು ಕಾರಣ, ಸಾವು ಮತ್ತು ಹೆರಿಗೆಗೆ ಒಂದು ಬೇರೆ ಸಾಲು. ತಾರೀಖು ಕೊಡುವುದು ಅಸಾಧ್ಯವೇನಲ್ಲ. ನಮ್ಮ ರಾಜ್ಯದಲ್ಲೇ 2011ರ ಸಕಾಲ ಕಾಯ್ದೆಯಡಿ ಅರ್ಜಿ ಕೊಟ್ಟವನಿಗೆ ಕೆಲಸ ಮುಗಿಯುವ ದಿನ ಮೊದಲೇ ಗೊತ್ತಿರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆ ಇಪ್ಪತ್ತು ರೂಪಾಯಿ ಎಷ್ಟು ಮಂದಿ ಕೇಳಿ ಪಡೆದಿದ್ದಾರೋ, ಆದರೆ ತಡ ಎಂಬುದು ಅಧಿಕಾರಿಯ ಹೊಣೆ ಎಂದು ಕಾನೂನು ಒಪ್ಪಿದೆ. ಅಮೆರಿಕದಲ್ಲಿ 221(ಜಿ)ಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡವರು ಈಗ ಫೆಡರಲ್ ಕೋರ್ಟುಗಳಲ್ಲಿ ಮ್ಯಾಂಡಮಸ್ ಅರ್ಜಿ ಹಾಕುತ್ತಾರೆ. ವೀಸಾ ಕೊಡಿ ಎಂದು ಕೋರ್ಟು ಹೇಳುವುದಿಲ್ಲ, ಏನಾದರೂ ಒಂದು ತೀರ್ಮಾನ ಮಾಡಿ ಎಂದು ಹೇಳಬಲ್ಲದು; ಎಷ್ಟೋ ಸಲ ವಿಚಾರಣೆಗೆ ಬರುವ ಮೊದಲೇ ಕಡತ ಅಲುಗಾಡುತ್ತದೆ. ವಕೀಲರ ಫೀ ಡಾಲರಿನಲ್ಲಿ. ಸಾಫ್ಟ್‌ವೇರ್ ಸಂಬಳದ ಮಗನಿಗೆ ಅದು ಹೇಗೋ ಸಾಧ್ಯ. ಬೀಡಿ ಕಟ್ಟಿ ಮಗಳನ್ನು ನರ್ಸಿಂಗ್ ಓದಿಸಿದ ನಿಪ್ಪಾಣಿಯ ತಾಯಿಗೆ, ಕೊಲ್ಲಾಪುರಿ ಚಪ್ಪಲಿ ಹೊಲಿದು ಮಗನನ್ನು ಪರದೇಶಕ್ಕೆ ಕಳಿಸಿದ ಅಥಣಿಯ ತಂದೆಗೆ, ಸದ್ಯ ಇರುವುದು ದಿನಕ್ಕೊಮ್ಮೆ ವೆಬ್‌ಸೈಟು ತೆರೆದು ನೋಡುವ ಪಕ್ಕದ ಮನೆಯ ಹುಡುಗ.